ಸಿಸ್ಟರ್ ಬಂದು ಹೋದ ಮೇಲೆ

(ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತಿರುವ ಕುಟುಂಬದವರ ಮುಂದೆ ಮೈಸೂರಿನಲ್ಲಿ ಆಡಿದ ಮಾತಿನ ಬರಹ ರೂಪ)

ಮುಂದಿನ ಸಾಲಿನಲ್ಲಿ ಕೂತಿರುವ ಕೆಲವರು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರಿ. ನನಗೇನೂ ಬೇಜಾರಿಲ್ಲ. ಅಮ್ಮನನ್ನೋ ಮಾವನನ್ನೋ ಪಕ್ಕದ ಮನೆಯವರ ಹತ್ತಿರ ಬಿಟ್ಟು ಬಂದಿದ್ದೀರಿ. ಹನ್ನೆರಡೂವರೆಗೆ ಗಂಜಿ ಕೊಡಬೇಕು, ಅಷ್ಟರೊಳಗೆ ಮನೆ ಸೇರಬೇಕು. ಇವತ್ತಿನ ಮಾತೂ ನಿಮ್ಮ ಆ ಗಡಿಯಾರದ ಬಗ್ಗೆಯೇ.

ನಾನು ಒಂಬತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಆಮೇಲೆ ಮನೆ ಮನೆಗೆ ಹೋಗಿ ಆರೈಕೆ ಮಾಡುವ ಒಂದು ಸಣ್ಣ ತಂಡ ಸೇರಿದೆ. ಈಗ ನನ್ನ ಮುಖ್ಯ ಕೆಲಸ, ನಾಳೆ ಯಾವ ಸಿಸ್ಟರ್ ಯಾವ ಮನೆಗೆ ಎಷ್ಟು ಗಂಟೆಗೆ ಹೋಗಬೇಕು ಅಂತ ಇವತ್ತು ಸಂಜೆ ಕೂತು ಬರೆಯುವುದು. ನಾಲ್ಕು ಜನ ಸಿಸ್ಟರ್, ಒಬ್ಬರು ಫಿಸಿಯೋ, ವಾರಕ್ಕೆ ಎರಡು ದಿನ ಬರುವ ಡಾಕ್ಟರ್. ಮನೆಗಳು ಅರವತ್ತರ ಹತ್ತಿರ. ಮೈಸೂರಿಗೆ ಪಿಂಚಣಿದಾರರ ಸ್ವರ್ಗ ಅಂತ ಹೆಸರು, ನಿಮಗೆ ಗೊತ್ತಿರುವುದೇ. ಆ ಪಿಂಚಣಿದಾರರಿಗೆ ಈಗ ಎಂಬತ್ತು ದಾಟಿದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಇದು ನಮ್ಮ ಊರಿನ ಮಾತು ಮಾತ್ರ ಅಲ್ಲ. 2011ರ ಜನಗಣತಿ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ ಜನ ಇದ್ದರು. ಅಂದರೆ ನೂರಕ್ಕೆ ಒಂಬತ್ತೂವರೆ. ಈಗ ಅದಕ್ಕಿಂತ ಜಾಸ್ತಿಯೇ.

ಯಾರು ಎಲ್ಲಿಗೆ ಅಂತ ಬರೆಯುವುದು ಕೇಳಲು ಸುಲಭ. ಮ್ಯಾಪ್ ನೋಡಿ ಹತ್ತಿರದ ಮನೆಗಳನ್ನು ಒಬ್ಬರಿಗೆ ಕೊಟ್ಟರೆ ಆಯ್ತಲ್ಲ ಅನ್ನಿಸುತ್ತದೆ. ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ಒಬ್ಬ ಸಿಸ್ಟರ್‌ಗೆ ದಿನಕ್ಕೆ 6 ಮನೆ ಇದ್ದರೆ, ಆ ಮನೆಗಳನ್ನು 720 ಬಗೆಯಲ್ಲಿ ಸುತ್ತಬಹುದು. 8 ಮನೆ ಆದರೆ 40,320 ಬಗೆ. 10 ಮನೆ ಆದರೆ 36 ಲಕ್ಷ ದಾಟುತ್ತದೆ. 12 ಮನೆಗೆ 47 ಕೋಟಿಗೂ ಮೇಲೆ. ಯಾವ ಮನೆ ಯಾವ ಸಿಸ್ಟರ್‌ಗೆ ಅನ್ನುವುದು ಇದರ ಮೇಲೆ ಬೇರೆ. ಗಣಿತದವರು ಇದಕ್ಕೆ ಊರೂರು ಸುತ್ತುವ ಮಾರಾಟಗಾರನ ಸಮಸ್ಯೆ ಅನ್ನುತ್ತಾರೆ. ಎಷ್ಟೋ ದಶಕದಿಂದ ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಮನೆ ಆರೈಕೆಯ ವೇಳಾಪಟ್ಟಿ ಅಂತಲೇ ಅದರಲ್ಲಿ ಒಂದು ಕವಲು ಇದೆ.

ನಮ್ಮ ಸ್ವಯಂಸೇವಕರಲ್ಲಿ ಒಬ್ಬ ಇಂಜಿನಿಯರ್ ಹುಡುಗ ಇದ್ದ. ತುಂಬಾ ಒಳ್ಳೆಯ ಹುಡುಗ. ನನ್ನ ಕಷ್ಟ ನೋಡಿ ಒಂದು ಪ್ರೋಗ್ರಾಂ ಬರೆದುಕೊಟ್ಟ. ಮನೆಗಳ ವಿಳಾಸ ಹಾಕಿದರೆ ಅತಿ ಕಡಿಮೆ ಕಿಲೋಮೀಟರಿನ ದಾರಿ ಕೊಡುತ್ತಿತ್ತು. ಮೊದಲ ವಾರವೇ ಪೆಟ್ರೋಲ್ ಖರ್ಚು ಇಳಿಯಿತು. ನಾವೆಲ್ಲ ಖುಷಿಪಟ್ಟೆವು.

ಎರಡನೇ ವಾರ ಗೋಕುಲಂನ ಒಬ್ಬರು ತಾತನ ಮನೆಯಿಂದ ಫೋನ್ ಬಂತು. ಅವರಿಗೆ ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ಕೊಡಬೇಕು. ಹೊಸ ದಾರಿಯಲ್ಲಿ ಅವರ ಮನೆ ಮೊದಲನೆಯದು. ಸಿಸ್ಟರ್ ಏಳೂಕಾಲಿಗೆ ಹೋಗಿ, ಇಂಜೆಕ್ಷನ್ ಕೊಟ್ಟು, ಮುಂದಿನ ಮನೆಗೆ ಹೊರಟರು. ಆದರೆ ಆ ಮನೆಯಲ್ಲಿ ಅಡುಗೆಯವರು ಬರುವುದೇ ಎಂಟಕ್ಕೆ. ಅಜ್ಜಿಗೆ ಮಂಡಿ ನೋವು, ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ತಿಂಡಿ ತಟ್ಟೆಗೆ ಬಂದಾಗ ಎಂಟೂವರೆ. ಅಷ್ಟರಲ್ಲಿ ರಕ್ತದ ಸಕ್ಕರೆ ತೀರಾ ಇಳಿದು ತಾತನಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಅಜ್ಜಿ ಗಾಬರಿಯಲ್ಲೂ ಬುದ್ಧಿ ಕಳೆದುಕೊಳ್ಳಲಿಲ್ಲ. ಸಕ್ಕರೆ ನೀರು ಕುಡಿಸಿದರು. ಬದುಕಿಕೊಂಡರು.

ಆ ಹುಡುಗನ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು. ನಾನು ಅವನಿಗೆ ಬರೀ ವಿಳಾಸ ಕೊಟ್ಟಿದ್ದೆ. ಅಡುಗೆಯವರು ಎಂಟಕ್ಕೆ ಬರುತ್ತಾರೆ ಅನ್ನುವುದು ಯಾವ ಮ್ಯಾಪಿನಲ್ಲೂ ಇರುವುದಿಲ್ಲ. ಅದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ನಾನು ಕೇಳಿರಲಿಲ್ಲ.

ಅಂದಿನಿಂದ ನಾನು ಕೆಲಸಗಳನ್ನು ಎರಡು ಗುಂಪು ಮಾಡಿಕೊಂಡೆ: ಕಾಯುವ ಕೆಲಸ, ಕಾಯದ ಕೆಲಸ. ತಿಂಗಳಿಗೊಮ್ಮೆ ಕ್ಯಾಥೆಟರ್, ಅಂದರೆ ಮೂತ್ರದ ಟ್ಯೂಬು, ಬದಲಿಸುವುದು ಒಂದು ದಿನ ಹಿಂದೆ ಮುಂದೆ ಆದರೆ ಪರವಾಗಿಲ್ಲ. ಫಿಸಿಯೋ ಬೆಳಗ್ಗೆಯೂ ಆಗಬಹುದು, ಸಂಜೆಯೂ ಆಗಬಹುದು, ಊಟ ಆದ ತಕ್ಷಣ ಬೇಡ ಅಷ್ಟೇ. ಇನ್ಸುಲಿನ್ ಕಾಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯುವುದು ಕಾಯುವುದಿಲ್ಲ. ಎಂಬತ್ತೈದರ ಅಜ್ಜಿಯನ್ನು ಹತ್ತು ಗಂಟೆವರೆಗೆ ಕಾಫಿ ಇಲ್ಲದೆ ಕೂರಿಸುವುದು ಶಿಕ್ಷೆ, ಅಲ್ವಾ? ಕೀವು ಇರುವ ಗಾಯದ ಡ್ರೆಸಿಂಗ್ ಆ ದಿನದ ಕೊನೆಯ ಮನೆ ಆಗಬೇಕು, ಅಲ್ಲಿಂದ ಇನ್ನೊಂದು ಗಾಯಕ್ಕೆ ಸೋಂಕು ಹೋಗಬಾರದು. ಭಾರದ ಮೈಯವರನ್ನು ಎತ್ತಿ ಕೂರಿಸಬೇಕಾದರೆ ಇಬ್ಬರು ಒಂದೇ ಹೊತ್ತಿಗೆ ಅಲ್ಲಿರಬೇಕು. ಕಾಯದ ಕೆಲಸಗಳನ್ನು ಮೊದಲು ಹಾಳೆಯ ಮೇಲೆ ಬರೆಯುತ್ತೇನೆ. ಮಧ್ಯದ ಜಾಗದಲ್ಲಿ ಕಾಯುವ ಕೆಲಸ. ಕಿಲೋಮೀಟರ್ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು ವಿಷಯ ಮುಖದ್ದು. ಚಾಮರಾಜಪುರದಲ್ಲಿ ಮರೆವಿನ ಕಾಯಿಲೆಯ ಒಬ್ಬರು ಅಜ್ಜಿ. ದಿನಕ್ಕೊಬ್ಬ ಸಿಸ್ಟರ್ ಹೋದರೆ, "ಯಾರೇ ಇವಳು, ಕಳ್ಳಿ ಬಂದವ್ಳೆ" ಅಂತ ಕೂಗಿ ಬಾಗಿಲು ಹಾಕಿಬಿಡುತ್ತಿದ್ದರು. ಇಪ್ಪತ್ತು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ. ಒಬ್ಬರೇ ಸಿಸ್ಟರನ್ನು ಅಲ್ಲಿಗೆ ಗೊತ್ತು ಮಾಡಿದೆವು. ಅವರು ಇನ್ನೊಂದು ಮೂಲೆಯಿಂದ, ವಿಜಯನಗರ ನಾಲ್ಕನೇ ಹಂತದಿಂದ ಬರಬೇಕು. ಕಾಗದದ ಮೇಲೆ ನಷ್ಟ. ಆದರೆ ಮೂರನೇ ವಾರಕ್ಕೆ ಅಜ್ಜಿ ಅವರನ್ನು ತಂಗಿ ಮಗಳು ಅಂದುಕೊಂಡು ತಲೆ ಬಾಚಿಸಿಕೊಳ್ಳಲು ಕೂತರು. ಸಿಸ್ಟರ್ ರಜೆ ಹಾಕಿದರೆ ಏನು ಗತಿ? ಅದಕ್ಕೆ ತಿಂಗಳಿಗೊಮ್ಮೆ ಎರಡನೆಯವರೂ ಜೊತೆಗೆ ಹೋಗುತ್ತಾರೆ. ಸುಮ್ನೆ ಕೂತು ಮಾತಾಡಿಸಿ ಬರುತ್ತಾರೆ. ಆ ಮುಖವೂ ಪರಿಚಯ ಇರಲಿ ಅಂತ.

ನನ್ನ ಹಾಳೆಯಲ್ಲಿ ದಿನವೂ ಹನ್ನೆರಡರಿಂದ ಒಂದು ಗಂಟೆವರೆಗೆ ಯಾವ ಮನೆಯ ಹೆಸರೂ ಇರುವುದಿಲ್ಲ. ಹಣಕಾಸು ನೋಡುವವರು ಒಮ್ಮೆ ಕೇಳಿದರು, ನಾಲ್ಕು ಜನರ ಒಂದೊಂದು ಗಂಟೆ ಖಾಲಿ ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ, ನುಂಗಲಾಗದವರಿಗೆ ಆಹಾರ ಕೊಡುವ ಮೂಗಿನ ಟ್ಯೂಬು. ಅದನ್ನು ತಾತ ಯಾವಾಗ ಕಿತ್ತುಹಾಕುತ್ತಾರೆ ಅಂತ ಹೇಳಲಾಗುವುದಿಲ್ಲ. ಕ್ಯಾಥೆಟರ್ ಕಟ್ಟಿಕೊಂಡರೆ ಮೂತ್ರ ನಿಂತು ಹೊಟ್ಟೆ ಉಬ್ಬುತ್ತದೆ, ನೋವು ತಡೆಯಲು ಆಗುವುದಿಲ್ಲ. ಆಗ ನಾಳೆ ಬರುತ್ತೇವೆ ಅನ್ನಲು ಆಗುತ್ತದಾ? ಆ ಖಾಲಿ ಗಂಟೆ ಇಲ್ಲದಿದ್ದರೆ ಒಂದು ಮನೆಯ ತುರ್ತು ಐದು ಮನೆಯ ವೇಳೆಯನ್ನು ಕೆಡಿಸುತ್ತದೆ. ಬಿಡುವಿದ್ದ ದಿನ ಸಿಸ್ಟರ್‌ಗಳು ಊಟ ಮಾಡುತ್ತಾರೆ. ಅದೂ ಬೇಕು, ಅವರೂ ಮನುಷ್ಯರೇ.

ದಸರಾ ಬಂದರೆ ನಮ್ಮದೇ ಬೇರೆ ತಲೆನೋವು. ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ, ಸಯ್ಯಾಜಿರಾವ್ ರಸ್ತೆಯಲ್ಲಿ ನಿಮ್ಮ ಸ್ಕೂಟರ್ ಎಲ್ಲಿ ಹೋಗುತ್ತದೆ? ಅಲ್ಲಿನ ಒಳಗಿನ ಮನೆಗಳಿಗೆ ಕ್ಯಾಥೆಟರ್ ಬದಲಿಸುವುದನ್ನು ಹಿಂದಿನ ವಾರಕ್ಕೇ ತಂದುಕೊಳ್ಳುತ್ತೇವೆ. ಇನ್ಸುಲಿನ್ ಕೊಡಲು ಅದೇ ಬೀದಿಯ ಒಬ್ಬರಿಗೆ ಕಲಿಸಿಟ್ಟಿರುತ್ತೇವೆ.

ಈ ಕಲಿಸುವ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ಬೇರೆ ಊರಿನವರು ಏನು ಮಾಡಿದರು ಅಂತ ಸ್ವಲ್ಪ ಹೇಳಿಬಿಡುತ್ತೇನೆ.

1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವಿಲಿಯಂ ರಾತ್‌ಬೋನ್ ಅನ್ನುವ ವ್ಯಾಪಾರಿಯ ಹೆಂಡತಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮೇರಿ ರಾಬಿನ್ಸನ್ ಎಂಬ ನರ್ಸ್ ಮನೆಯಲ್ಲೇ ಅವರನ್ನು ನೋಡಿಕೊಂಡಿದ್ದರು. ದುಡ್ಡಿರುವ ನಮಗೇ ಇವರಿಂದ ಇಷ್ಟು ಸಮಾಧಾನ ಸಿಕ್ಕಿತು, ಬಡವರ ಮನೆಯಲ್ಲಿ ಗತಿ ಏನು ಅಂತ ರಾತ್‌ಬೋನ್‌ಗೆ ಅನ್ನಿಸಿತು. ಅದೇ ನರ್ಸನ್ನು ಬಡವರ ಮನೆಗಳಿಗೆ ಕಳಿಸಿದರು. ಮುಂದೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಸಲಹೆ ಪಡೆದು ನರ್ಸ್‌ಗಳಿಗೆ ತರಬೇತಿ ಕೊಡಿಸಿ, ಊರನ್ನು 18 ಭಾಗ ಮಾಡಿದರು. ಒಂದೊಂದು ಭಾಗಕ್ಕೆ ತನ್ನದೇ ನರ್ಸ್. ಇವತ್ತು ನಾನು ಮೈಸೂರನ್ನು ನಾಲ್ಕು ಭಾಗ ಮಾಡುವುದೂ ಅದೇ ಕೆಲಸ.

ನೆದರ್ಲೆಂಡ್ಸ್‌ನಲ್ಲಿ 2006ರಲ್ಲಿ ಯೋಸ್ ದೆ ಬ್ಲೋಕ್ ಎಂಬ ನರ್ಸ್ ಶುರು ಮಾಡಿದ ಬ್ಯೂರ್ಟ್‌ಝೋರ್ಗ್ ಅನ್ನುವ ಮನೆ ಆರೈಕೆಯ ಸಂಸ್ಥೆ ಇದೆ. ಅಲ್ಲಿ ಹೆಚ್ಚೆಂದರೆ 12 ನರ್ಸ್‌ಗಳ ಒಂದು ತಂಡ. ಯಾರು ಯಾವ ಮನೆಗೆ ಅಂತ ಆಫೀಸಿನಲ್ಲಿ ಕೂತವರು ಹೇಳುವುದಿಲ್ಲ, ತಂಡದವರೇ ಮಾತಾಡಿಕೊಂಡು ಬರೆದುಕೊಳ್ಳುತ್ತಾರೆ. ಅದನ್ನು ಓದಿದ ಮೇಲೆ ನಾನೂ ಒಂದು ಬದಲಾವಣೆ ಮಾಡಿದೆ. ಹಾಳೆ ಬರೆದು ಸಂಜೆ ಏಳಕ್ಕೆ ವಾಟ್ಸ್ಯಾಪಿನಲ್ಲಿ ಹಾಕುತ್ತೇನೆ. ಎಂಟರವರೆಗೆ ಸಿಸ್ಟರ್‌ಗಳು ಅದನ್ನು ತಿದ್ದಬಹುದು. "ಅಕ್ಕ, ಆ ಮನೆಯಲ್ಲಿ ನಾಳೆ ಶ್ರಾದ್ಧ, ಮಧ್ಯಾಹ್ನ ಹೋಗೋಣ" ಅಂತ ಅವರಿಗೇ ಗೊತ್ತಿರುತ್ತದೆ.

ನಮಗೆ ಎಲ್ಲಕ್ಕಿಂತ ಹತ್ತಿರದ ಪಾಠ ಪಕ್ಕದ ಕೇರಳದ್ದು. 1993ರಲ್ಲಿ ಕೋಳಿಕ್ಕೋಡಿನಲ್ಲಿ ನೋವು ಕಡಿಮೆ ಮಾಡುವ ಆರೈಕೆ ಶುರುವಾಯಿತು. ಅದು ಮಲಪ್ಪುರಂ ಕಡೆ ಹಬ್ಬಿದಾಗ ಅಕ್ಕಪಕ್ಕದ ಮನೆಯವರು, ಅಂಗಡಿಯವರು, ಕಾಲೇಜು ಹುಡುಗರು ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೊಂದು ನೀತಿ ತಂದಿತು. ಈಗ ಪಂಚಾಯಿತಿಗಳೇ ನರ್ಸನ್ನು ಮನೆಗಳಿಗೆ ಕಳಿಸುತ್ತವೆ. ಅವರು ಪಕ್ಕದ ಮನೆಯವರನ್ನೂ ಯೋಜನೆಯ ಒಳಗೆ ಎಣಿಸಿದರು. ನನ್ನ ಹಾಳೆಯಲ್ಲಿ ಬರೀ ಸಂಬಳ ತೆಗೆದುಕೊಳ್ಳುವವರ ಹೆಸರಿತ್ತು.

ಆ ವ್ಯತ್ಯಾಸ ನನಗೆ ಮನಸ್ಸಿಗೆ ಇಳಿದದ್ದು ಸರಸ್ವತಿಪುರಂನ ಒಂದು ಮನೆಯಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂಬತ್ತೆರಡರ ಅಜ್ಜಿ. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ನುಂಗಲು ಆಗದೆ ಮೂಗಿನ ಟ್ಯೂಬಿನಲ್ಲಿ ಆಹಾರ. ಮಗನಿಗೆ ಬೆಂಗಳೂರಿನಲ್ಲಿ ಕೆಲಸ, ಶುಕ್ರವಾರ ರಾತ್ರಿ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಿದ್ದರು. ಮೊಮ್ಮಗಳು ಎಸ್ಸೆಸ್ಸೆಲ್ಸಿ. ಮಿಕ್ಕಿದ್ದೆಲ್ಲ ಸೊಸೆ. ನಮ್ಮ ಸಿಸ್ಟರ್ ದಿನವೂ ಹತ್ತೂವರೆಗೆ ಸರಿಯಾಗಿ ಹೋಗುತ್ತಿದ್ದರು, ವಾರಕ್ಕೆ ಏಳು ದಿನ, 40 ನಿಮಿಷ. ಒಂದು ಭೇಟಿಯೂ ತಪ್ಪಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ನಮ್ಮ ಅತ್ಯುತ್ತಮ ಮನೆ.

ಮೂರನೇ ವಾರ ಅಜ್ಜಿಗೆ ಸೊಂಟದ ಕೆಳಗೆ ಹಾಸಿಗೆ ಹುಣ್ಣು ಶುರುವಾಯಿತು. ನಾನೇ ಹೋದೆ. ಬಾಗಿಲು ತೆರೆದೇ ಇತ್ತು. ಸೊಸೆ ಮಂಚದ ಕಾಲಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದರು. ಪಕ್ಕದಲ್ಲಿ ಫೋನಿನ ಅಲಾರಂ ಹೊಡೆದುಕೊಳ್ಳುತ್ತಿತ್ತು. ಎಬ್ಬಿಸಿದರೆ ಬೆಚ್ಚಿಬಿದ್ದು ಅತ್ತರು. "ಎರಡು ಗಂಟೆಗೊಂದ್ಸಲ ಹೊರಳಿಸಿ ಅಂದಿದ್ರಿ ಅಕ್ಕ. ಅಲಾರಂ ಇಟ್ಟಿದ್ದೀನಿ. ಕೇಳಿಸ್ತಾನೇ ಇಲ್ಲ."

ಹೊರಳಿಸಿ ಅಂತ ಹೇಳಿದ್ದು ನಾವೇ. ಅದು ಸರಿಯಾದ ಮಾತೇ, ಒಂದೇ ಕಡೆ ಭಾರ ಬಿದ್ದರೆ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಆದರೆ ದಿನದ 24 ಗಂಟೆಯಲ್ಲಿ ನಾವು ಆ ಮನೆಯಲ್ಲಿ ಇರುವುದು 40 ನಿಮಿಷ. ಉಳಿದ 23 ಗಂಟೆ 20 ನಿಮಿಷವನ್ನು ಯಾರು ಮಾಡುತ್ತಾರೆ, ಯಾವಾಗ ಮಲಗುತ್ತಾರೆ ಅಂತ ನಾವು ಒಂದು ಸಲವೂ ಲೆಕ್ಕ ಹಾಕಿರಲಿಲ್ಲ. ಒಂದು ಭೇಟಿಯೂ ತಪ್ಪದ ನನ್ನ ಯೋಜನೆ ಆ ಹೆಣ್ಣುಮಗಳ ನಿದ್ದೆಯ ಮೇಲೆ ನಿಂತಿತ್ತು. ಅವಳಿಗೆ ನಿದ್ದೆಯೇ ಇರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತು, ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಇಸಿದುಕೊಂಡು ಅವರ ದಿನವನ್ನು ಬರೆದೆವು. ಹೊರಳಿಸುವುದು ಬೆಳಗ್ಗೆ 6ಕ್ಕೆ, ಆಮೇಲೆ 8, 10, 12, 2, 4, 6, 8, ರಾತ್ರಿ 10. ಆಹಾರ ಮೂರು ಗಂಟೆಗೊಮ್ಮೆ: 6, 9, 12, 3, 6, 9. ನೋಡಿ, ಇವೆರಡೂ ಕೂಡಿ ಬರುವುದು ಬೆಳಗ್ಗೆ 6, ಮಧ್ಯಾಹ್ನ 12, ಸಂಜೆ 6 ಮಾತ್ರ. ಅಂದರೆ ಹಗಲಲ್ಲೇ 12 ಸಲ ಮಂಚದ ಹತ್ತಿರ ಬರಬೇಕು. ಅದರಲ್ಲೂ 8, 9, 10 ಅಂತ ಗಂಟೆಗೊಂದು. ಮತ್ತೆ 2, 3, 4. ರಾತ್ರಿಯೂ ಹಾಗೆಯೇ, 8, 9, 10. ನಡುವೆ ಅನ್ನ ಇಟ್ಟು ಇಳಿಸುವುದಕ್ಕೂ ಹೊತ್ತಿಲ್ಲ. ರಾತ್ರಿ 12, 2, 4 ಮತ್ತೆ ಏಳಬೇಕು.

ಡಾಕ್ಟರ್ ಹತ್ತಿರ ಮಾತಾಡಿದೆವು. ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಎರಡು ಗಂಟೆಗೊಮ್ಮೆ ಕೊಡಲು ಒಪ್ಪಿದರು. ಮೊದಲು ಹೊರಳಿಸುವುದು, ತಲೆ ಎತ್ತರಿಸುವುದು, ಆಮೇಲೆ ಆಹಾರ, ಅರ್ಧ ಗಂಟೆ ಹಾಗೇ ಎತ್ತರದಲ್ಲಿ ಇರಿಸುವುದು. ಹೊಟ್ಟೆ ತುಂಬಿದ ಮೇಲೆ ಹೊರಳಿಸಿದರೆ ವಾಂತಿ ಆಗಿ ಶ್ವಾಸಕೋಶಕ್ಕೆ ಹೋಗಬಹುದು, ಅದಕ್ಕೇ ಈ ಕ್ರಮ. ಅಷ್ಟರಿಂದಲೇ ಹನ್ನೆರಡು ಸಲ ಒಂಬತ್ತಾಯಿತು. ಪ್ರತಿ ಸಲದ ನಡುವೆ ಸುಮಾರು ಒಂದೂವರೆ ಗಂಟೆ ಕೈಗೆ ಸಿಕ್ಕಿತು. ಗಾಳಿ ಹಾಸಿಗೆ ಬಾಡಿಗೆಗೆ ತಂದ ಮೇಲೆ, ಅಜ್ಜಿಯ ಚರ್ಮ ನೋಡಿಕೊಂಡು, ರಾತ್ರಿ ನಾಲ್ಕು ಗಂಟೆಗೊಮ್ಮೆ ಹೊರಳಿಸಿದರೆ ಸಾಕು ಅಂದರು. 10, 2, 6. ನಡುರಾತ್ರಿ ಒಂದೇ ಸಲ ಏಳುವುದು. ಇದು ಆ ಅಜ್ಜಿಗೆ ಹೊಂದಿದ ಲೆಕ್ಕ. ನಿಮ್ಮ ಮನೆಯಲ್ಲಿ ಹೀಗೇ ಮಾಡಿ ಅಂತ ಹೇಳುತ್ತಿಲ್ಲ, ನಿಮ್ಮ ಡಾಕ್ಟರನ್ನು ಕೇಳಿ. ಆದರೆ ಕೇಳಿ. ನೀವು ಕೇಳದಿದ್ದರೆ ನಿಮ್ಮ ನಿದ್ದೆಯ ಬಗ್ಗೆ ಅವರಿಗೆ ಗೊತ್ತಾಗುವುದಿಲ್ಲ.

ಶನಿವಾರ, ಭಾನುವಾರದ ರಾತ್ರಿ ಮಗನದು ಅಂತ ಬರೆದೆವು. ಅವರಿಗೆ ಟ್ಯೂಬಿನಲ್ಲಿ ಆಹಾರ ಕೊಡುವುದು ಗೊತ್ತಿರಲಿಲ್ಲ. ಹೆದರಿಕೆ ಅಂದರು. ಎರಡು ಶನಿವಾರ ಸಿಸ್ಟರ್ ಪಕ್ಕದಲ್ಲಿ ನಿಂತು ಕಲಿಸಿದರು. ಕಲಿತರು. ಇಲ್ಲಿ ಗಂಡುಮಕ್ಕಳು ಕಡಿಮೆ ಬಂದಿದ್ದೀರಿ, ಬಂದವರಿಗೆ ಹೇಳುತ್ತೇನೆ: ಇದರಲ್ಲಿ ಹೆಂಗಸರಿಗೆ ಹುಟ್ಟಿನಿಂದ ಬರುವಂಥದ್ದು ಏನೂ ಇಲ್ಲ. ಅವರೂ ಹೆದರಿಕೊಂಡೇ ಕಲಿತಿದ್ದಾರೆ.

ಕೊನೆಯದು, ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಎದುರು ಮನೆಯ ರಿಟೈರ್ಡ್ ಮೇಷ್ಟ್ರ ಹೆಂಡತಿ ಬಂದು ಕೂರತೊಡಗಿದರು. ಅವರು ಇಂಜೆಕ್ಷನ್ ಕೊಡುವುದಿಲ್ಲ, ಡ್ರೆಸಿಂಗ್ ಮಾಡುವುದಿಲ್ಲ. ಅಜ್ಜಿಯ ಪಕ್ಕ ಕೂತು ಹೂ ಕಟ್ಟುತ್ತಾರೆ. ಏನಾದರೂ ಆದರೆ ಸೊಸೆಯನ್ನು ಕೂಗುತ್ತಾರೆ. ಸೊಸೆ ಒಳಗೆ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ನನ್ನ ಹಾಳೆಯಲ್ಲಿ ಈಗ ಆ ಎರಡು ಗಂಟೆಗೂ ಒಂದು ಸಾಲು ಇದೆ. ಆ ಮನೆಯ ಅತಿ ಮುಖ್ಯ ಸಾಲು ಅದೇ ಅಂತ ನಾನು ನಂಬುತ್ತೇನೆ.

ಎರಡು ತಿಂಗಳಿಗೆ ಹುಣ್ಣು ವಾಸಿಯಾಯಿತು. ಆಮೇಲೆ ಸಿಸ್ಟರ್ ವಾರಕ್ಕೆ ಏಳರ ಬದಲು ನಾಲ್ಕು ಸಲ ಹೋದರೆ ಸಾಕಾಯಿತು. ಉಳಿದ ಮೂರು ಭೇಟಿ ಕಾಯುತ್ತಿದ್ದ ಇನ್ನೊಂದು ಮನೆಗೆ ಹೋಯಿತು. ಇಂಥ ಉಳಿತಾಯಕ್ಕೆ ಇಂಜಿನಿಯರ್ ಹುಡುಗ ಆಪ್ಟಿಮೈಸೇಷನ್ ಅನ್ನುತ್ತಿದ್ದ, ನಮಗೆ ಅದು ಸಿಕ್ಕಿದ್ದು ರಸ್ತೆಯಲ್ಲಿ ಅಲ್ಲ, ಆ ಮನೆಯ ಒಳಗೆ. ಅವನಿಗೆ ಇದನ್ನು ಹೇಳಿದಾಗ ಅವನು ತನ್ನ ಪ್ರೋಗ್ರಾಮಿನಲ್ಲಿ ಮನೆಯವರ ಸಮಯಕ್ಕೆ ಒಂದು ಕಾಲಂ ಹಾಕಿಕೊಟ್ಟ. ಈಗಲೂ ಅದನ್ನೇ ಬಳಸುತ್ತೇವೆ.

ಕಲಿಸುವುದರ ಬಗ್ಗೆ ಒಂದು ಎಚ್ಚರ. ಮನೆಯವರಿಗೆ ಕಲಿಸಿದಷ್ಟೂ ನಮ್ಮ ಭೇಟಿ ಕಡಿಮೆ ಆಗುತ್ತದೆ, ನಿಜ. ಆದರೆ ಎಲ್ಲವನ್ನೂ ಒಬ್ಬರ ತಲೆಗೇ ಕಟ್ಟಿ ಭೇಟಿ ಉಳಿಯಿತು ಅಂದರೆ ಅದು ಮೋಸ. ಅದಕ್ಕೆ ನಾವು ಒಂದು ಮನೆಯಲ್ಲಿ ಇಬ್ಬರಿಗಾದರೂ ಕಲಿಸದೆ ಭೇಟಿ ಕಡಿಮೆ ಮಾಡುವುದಿಲ್ಲ.

ಸರ್ಕಾರದ ಕಡೆಯಿಂದ ಏನಿದೆ ಅಂತ ಬಹಳ ಜನ ಕೇಳುತ್ತೀರಿ. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತರು ಹೋಗಬೇಕು ಅಂತ ಇದೆ. ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಆರಂಭವಾಯಿತು, ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವ ಯೋಜನೆ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯ ನಂಬರ್ ಇಟ್ಟುಕೊಳ್ಳಿ. ಹಿರಿಯರ ಸಹಾಯವಾಣಿ 14567, ದುಡ್ಡು ಬೀಳುವುದಿಲ್ಲ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ.

ಮನೆಯಲ್ಲಿ ನೀವು ಮಾಡಬೇಕಾದ ಒಂದು ಕೆಲಸ. ದಿನಕ್ಕೊಮ್ಮೆ ಮೈ ಒರೆಸುವಾಗ ಸೊಂಟದ ಕೆಳಗೆ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಗಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗಲೂ ಕೆಂಪು ಮಾಸದಿದ್ದರೆ ಅವತ್ತೇ ಫೋನ್ ಮಾಡಿ, ಸಿಸ್ಟರ್ ಬರುವ ದಿನಕ್ಕೆ ಕಾಯಬೇಡಿ. ಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪು ಕಾಣದೇ ಇರಬಹುದು. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಿ.

ಬಾಗಿಲ ಹತ್ತಿರ ಮೇಜಿನ ಮೇಲೆ ಹಾಳೆಗಳನ್ನು ಇಟ್ಟಿದ್ದೇವೆ. ಒಂದೊಂದರಲ್ಲೂ 24 ಗೆರೆ ಇದೆ, ಗಂಟೆಗೊಂದು. ಎಡಗಡೆ ಅಮ್ಮನಿಗೆ, ಅಪ್ಪನಿಗೆ ಆ ಹೊತ್ತಿನಲ್ಲಿ ಏನು ಬೇಕು ಅಂತ ಬರೆಯಿರಿ. ಬಲಗಡೆ ಅದನ್ನು ಯಾರು ಮಾಡುತ್ತಾರೆ ಅಂತ. ಅಡುಗೆಯವರು ಬರುವ ಹೊತ್ತು, ನೀರು ಬಿಡುವ ಹೊತ್ತು, ಮಗುವಿನ ಸ್ಕೂಲ್ ಬಸ್ಸು, ಎಲ್ಲವನ್ನೂ ಬರೆಯಿರಿ. ನೀವು ಮಲಗುವ ಹೊತ್ತನ್ನು ಪೆನ್ಸಿಲಿನಲ್ಲಿ ಬರೆಯಬೇಡಿ, ಪೆನ್ನಿನಲ್ಲಿ ಬರೆಯಿರಿ. ಮುಂದಿನ ಸಲ ಸಿಸ್ಟರ್ ಬಂದಾಗ ಅವರ ಕೈಗೆ ಕೊಡಿ. ನಾನು ಅದನ್ನು ಮುಂದಿಟ್ಟುಕೊಂಡು ನಿಮ್ಮ ಮನೆಯ ಸಮಯ ಬರೆಯುತ್ತೇನೆ.